ಕಾಳಪ್ಪ ಕ್ಯಾಂಪಿನ ಮಣ್ಣು

ಶಿವಬಸಮ್ಮ ಕರುಣೆಯಿಲ್ಲದ ಹೆಂಗಸು. ಕಾಳಪ್ಪ ಕ್ಯಾಂಪಿನಲ್ಲಿ ಈ ಮಾತನ್ನು ಅಲ್ಲಗಳೆಯುವವರಿರಲಿಲ್ಲ. ಅವಳ ಗದ್ದೆಯಲ್ಲಿ ನಾಟಿ ಹಚ್ಚಿ ಬೆನ್ನು ಬಾಗಿಸಿಕೊಂಡ ದುರುಗವ್ವನಿಗಂತೂ ಅನುಮಾನವೇ ಇರಲಿಲ್ಲ.

ಕ್ಯಾಂಪು ಊರಲ್ಲ. ಕಾಲುವೆ ತೋಡಲು ಬಂದ ಕೂಲಿಯವರು ನೀರು ಹತ್ತದ ಕಲ್ಲುದಿಬ್ಬದ ಮೇಲೆ ಗುಡಿಸಲು ಹಾಕಿದರು. ಕೆಲಸ ಮುಗಿದ ಮೇಲೆ ಹೋಗಲು ಎಡೆಯಿಲ್ಲದೆ ಅಲ್ಲೇ ಉಳಿದರು. ಮೇಸ್ತ್ರಿ ಕಾಳಪ್ಪನ ಹೆಸರೇ ಜಾಗಕ್ಕೂ ಬಂತು. ಸುತ್ತಲಿನ ಎರೆಹೊಲಗಳು ಗದ್ದೆಯಾದವು, ಉಳ್ಳವರ ಪಾಲಾದವು. ನಕಾಶೆಯಲ್ಲಿ ದಿಬ್ಬವಿದೆ, ಕ್ಯಾಂಪಿಲ್ಲ. ಓಟು ಒಂದು ಊರಿನಲ್ಲಿ, ರೇಷನ್ನು ಇನ್ನೊಂದರಲ್ಲಿ. ಸುಡುಗಾಡು ಎಲ್ಲಿಯೂ ಇಲ್ಲ. ಸತ್ತವರನ್ನು ಕಾಲುವೆ ದಂಡೆಯಲ್ಲಿ ಹೂಳುತ್ತಿದ್ದರು. ಹೋದ ಬೇಸಿಗೆ ಕಾಲುವೆಗೆ ಸಿಮೆಂಟು ಹಾಕುವಾಗ ಯಂತ್ರದ ಬಾಯಿಗೆ ಎಲುಬು ಬಂದವು, ದಂಡೆಯೂ ಕೈತಪ್ಪಿತು.

ಶ್ರಾವಣದಲ್ಲಿ ದುರುಗವ್ವನ ಗಂಡ ಮುದಿಯಪ್ಪ ಸತ್ತ. ದಿಬ್ಬವೆಲ್ಲ ಬಂಡೆ, ಸುತ್ತ ಎತ್ತ ನೋಡಿದರೂ ನಾಟಿಯ ಕೆಸರು. ಒಣಮಣ್ಣೆಂದರೆ ಶಿವಬಸಮ್ಮನ ಕಣ ಒಂದೇ.

"ಮೂಲ್ಯಾಗ ಆರಡಿ ಕೊಡ್ರಿ ಅಮ್ಮಾರ. ನಿಮ್ಮ ಹೊಲದಾಗ ಸವದ ಜೀವ ಐತಿ," ಅಂದಳು ದುರುಗವ್ವ.

"ಕಾಳು ರಾಶಿ ಮಾಡೂ ಜಾಗದಾಗ ಹೆಣ ಇಡಂತೀಯೇನ? ಇವತ್ತು ನಿನ್ನ ಗಂಡ, ನಾಳೆ ಇಡೀ ಕ್ಯಾಂಪು."

"ನಮ್ಮಣ್ಣ ಗಿಡ್ಡ ಅದಾನ್ರಿ, ಐದಡಿ ಆದ್ರೂ ಸಾಕು," ಅಂದ ಮೈದುನ ಹುಲಿಗೇಶ.

"ನಿನ್ನ ನಾಲಿಗಿ ಅದಕ್ಕಿಂತ ಉದ್ದ ಐತಲ್ಲೋ. ನನ್ನ ಟ್ರ್ಯಾಕ್ಟರ್ ತಗೊಂಡು ಗುಡ್ಡದ ಬುಡಕ್ಕ ಒಯ್ರಿ."

ಟ್ರ್ಯಾಕ್ಟರ್ ಹೊರಟಾಗ ಅವಳೂ ಹತ್ತಿ ಕುಳಿತಳು. ಡ್ರೈವರನನ್ನು ನಂಬಿ ಗಾಡಿ ಕಳಿಸುವ ಜಾತಿಯಲ್ಲ ಅವಳು. ಹಿಂದೆ ಟ್ರಾಲಿಯಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ದುರುಗವ್ವ ಆ ಬೆನ್ನನ್ನೇ ನೋಡುತ್ತ ಹೋದಳು. ನಾಳೆ ಇವಳು ಸತ್ತರೆ ಮಲಗಲು ಎಕರೆಗಟ್ಟಲೆ ಹೊಲ ಐತಿ, ಎಲ್ಲಿ ಬೇಕಾದರೂ ಮಲಗಲಿ.

ಗುಡ್ಡದ ಬುಡವೆಲ್ಲ ಗರಸು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಗಂಡಸರು ಕೈ ಸೋತು ನಿಂತಾಗ ಕುಣಿ ಸೊಂಟದ ಆಳವೂ ಆಗಿರಲಿಲ್ಲ.

"ಇಷ್ಟ ಇದರ ಹಣೇಬರ. ಇಳಸ್ರಿ," ಅಂದ ಹುಲಿಗೇಶ.

"ತಡೀರಿ."

ಶಿವಬಸಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿ ಕುಣಿಗೆ ಇಳಿದಳು. ತಲೆ ಬರುವ ಕಡೆ ಮಂಡಿಯೂರಿ ನೆಲವನ್ನು ಅಂಗೈಯಿಂದ ಸವರಿದಳು. ಒಂದು ಚೂಪುಗಲ್ಲನ್ನು ಉಗುರಿನಿಂದ ಕಿತ್ತು ಹೊರಗೆಸೆದಳು.

"ಚುಚ್ಚತಿತ್ತು," ಅಂದಳು. ಯಾರ ಮುಖವನ್ನೂ ನೋಡಲಿಲ್ಲ. ಮತ್ತೆ ಸವರತೊಡಗಿದಳು.