ಕೀಲಿಯಕ್ಕನ ಸಹಿ

ನಮ್ಮ ಚಿಕ್ಕಮ್ಮನನ್ನು ಹಳೇ ಶಾಪಿಂಗ್ ಸೆಂಟರಿನಲ್ಲಿ ಎಲ್ಲರೂ ‘ಕೀಲಿಯಕ್ಕ’ ಎಂದೇ ಕರೆಯುತ್ತಿದ್ದರು. ಅವಳು ಕೀಲಿ ಮಾಡುವವಳಲ್ಲ, ದರ್ಜಿ. ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು ಅವಳ ಕಸುಬು. ಆದರೆ ಅಲ್ಲಿನ ನಲವತ್ತು ಅಂಗಡಿಗಳಿಗೆ ಹೆಂಗಸರ ಶೌಚಾಲಯ ಇದ್ದದ್ದು ಒಂದೇ. ಅದನ್ನೂ ಮಾಲೀಕರ ಬೆನ್ನುಹತ್ತಿ ಕಟ್ಟಿಸಿದವಳು ಅವಳೇ. ಅದರ ಕೀಲಿ ಇಪ್ಪತ್ತಾರು ವರ್ಷ ಅವಳ ಮಿಷಿನ್ನಿನ ಪಕ್ಕದ ಮೊಳೆಯಲ್ಲಿ ನೇತಾಡಿತು. ಚಪ್ಪಲಿ ಅಂಗಡಿಯವಳು ಬಂದು “ಅಕ್ಕಾ, ಅರ್ಜೆಂಟು” ಎಂದರೆ, “ಓಡು ಓಡು, ಗಿರಾಕೀನ ನಾನು ನೋಡ್ಕೋತೀನಿ” ಎನ್ನುವಳು.

ಆಮೇಲೆ ಹೊಸ ಮಾಲೀಕರು ಬಂದರು. ಹಳೆಯದನ್ನು ಕೆಡವಿ ಐದಂತಸ್ತು ಕಟ್ಟುತ್ತೇವೆಂದು ನಕ್ಷೆ ತಂದರು. ಅಂಗಡಿಯವರೆಲ್ಲ ಒಪ್ಪಿ ಸಹಿ ಹಾಕಬೇಕಿತ್ತು. ಉಳಿದವರು ನಕ್ಷೆಯಲ್ಲಿ ತಂತಮ್ಮ ಅಂಗಡಿ ಎಲ್ಲಿದೆ ಅಂತ ಹುಡುಕಿ ಸಹಿ ಹಾಕಿದರು. ಚಿಕ್ಕಮ್ಮನ ಅಂಗಡಿಯೂ ನೆಲಮಹಡಿಯಲ್ಲೇ ಇತ್ತು. ಆದರೂ ಅವಳು ಕನ್ನಡಕ ಏರಿಸಿ, ಬೆರಳಿಟ್ಟು ಪೂರ್ತಿ ನೋಡಿದಳು. ಕಾರಂಜಿ ಇತ್ತು, ಗಾಜಿನ ಲಿಫ್ಟು ಇತ್ತು, ಗಿರಾಕಿಗಳಿಗೆಂದು ಮೇಲಿನ ಮಹಡಿಯಲ್ಲಿ ಶೌಚಾಲಯವೂ ಇತ್ತು. ದಿನವಿಡೀ ನಿಂತು ದುಡಿಯುವವರಿಗೆ ಏನೂ ಇರಲಿಲ್ಲ.

“ನಮ್ಮ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕಪ್ಪ?” ಎಂದು ನಕ್ಷೆ ತಂದಿದ್ದ ಮಾಲೀಕರ ಇಂಜಿನಿಯರನ್ನು ಕೇಳಿದಳು.

“ಮನೇಲೇ ಮುಗಿಸ್ಕೊಂಡು ಬರ್ಲಿ ಬಿಡಿ ಅಮ್ಮ” ಎಂದು ಅವನು ನಕ್ಕ.

ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಚಿಕ್ಕಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. “ಮೊದ್ಲು ಅದನ್ನ ಬರ್ಕೊಂಡು ಬಾ, ಆಮೇಲೆ ಸಹಿ.” ನಾಲ್ಕು ತಿಂಗಳು ಪಟ್ಟು ಬಿಡಲಿಲ್ಲ. ಸಹಿ ಹಾಕಿ ಕಾಯುತ್ತಿದ್ದ ಗಂಡಸರೆಲ್ಲ ಅವಳ ಮೇಲೆ ಮುಖ ಊದಿಸಿಕೊಂಡರು.

ಕೊನೆಗೆ ಇಂಜಿನಿಯರ್ ಹೊಸ ನಕ್ಷೆ ಹಾಸಿದ. ನೆಲಮಹಡಿಯಲ್ಲಿ ಎರಡು ಶೌಚಾಲಯ, ಒಂದು ಬೇಸಿನ್ನು. ಅವನ್ನು ಬರೆದದ್ದು ಚಿಕ್ಕಮ್ಮನಿಗೆ ಕೊಟ್ಟಿದ್ದ ಅಂಗಡಿಯ ಜಾಗದಲ್ಲಿ. “ಬೇರೆಲ್ಲೂ ಜಾಗ ಇಲ್ಲ. ಅಂಗಡಿ ಬೇಕೋ, ಇದು ಬೇಕೋ, ನೀವೇ ಹೇಳಿ.” ಕಾರಂಜಿಗೆ ಜಾಗವಿದ್ದ ಕಟ್ಟಡದಲ್ಲಿ ಈ ಮಾತಾಡಲು ಅವನ ನಾಲಿಗೆ ಹೇಗೆ ಹೊರಳಿತೋ. ಚಿಕ್ಕಮ್ಮ ಪಕ್ಕದಲ್ಲಿ ನಿಂತಿದ್ದ ಚಪ್ಪಲಿ ಅಂಗಡಿಯವಳ ಮುಖ ನೋಡಿದಳು. ಸಹಿ ಹಾಕಿದಳು.

ಈಗ ಮಿಷಿನ್ನು ಮನೆಯ ಕಿಟಕಿ ಪಕ್ಕದಲ್ಲಿದೆ, ಗಿರಾಕಿ ಅಷ್ಟಕ್ಕಷ್ಟೆ. ಹೊಸ ಕಟ್ಟಡ ತೆರೆದ ವಾರ ನನ್ನನ್ನೂ ಕರೆದುಕೊಂಡು ನೋಡಲು ಹೋದಳು. ಶೌಚಾಲಯದ ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂಬ ಬೋರ್ಡಿತ್ತು. ಕಾವಲಿನವನು ಕೈ ಅಡ್ಡ ಹಿಡಿದು, “ಇಲ್ಲಿ ಅಂಗಡಿ ಇದ್ಯಾ ನಿಮ್ದು?” ಎಂದ.

ನಾನು ಜಗಳಕ್ಕೆ ನಿಂತೆ. ಚಿಕ್ಕಮ್ಮ ನನ್ನ ಕೈ ಹಿಡಿದು ಹಿಂದಕ್ಕೆಳೆದಳು.

“ಇತ್ತಪ್ಪ,” ಎಂದಳು. “ಅದರ ಬಾಗಿಲನ್ನೇ ನೀನು ಕಾಯ್ತಿರೋದು.”