ಚಿಕ್ಕಕ್ಕನ ಪಿಚ್ಚಿನಲ್ಲಿ ಮೂರನೆಯ ಸದ್ದು

ಮಧುಗಿರಿ ಬೆಟ್ಟದ ನೆತ್ತಿಗೆ ಬಿಸಿಲು ತಾಗಿದೆ. ಬುಡದ ಮೈದಾನದಲ್ಲಿ ಇನ್ನೂ ಮಬ್ಬು. ಚಿಕ್ಕಕ್ಕ ಚಪ್ಪಲಿಯನ್ನು ಬೌಂಡರಿ ಹಗ್ಗದಾಚೆ ಬಿಟ್ಟು, ಬರಿಗಾಲಲ್ಲಿ ಬಂದು ಪಿಚ್ಚಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ. ಕೈಯಲ್ಲಿ ಹಿಡಿಕೆ ಸೀಳಿದ ಹಳೇ ಬ್ಯಾಟು. ಅದರ ತುದಿಯಿಂದ ನೆಲಕ್ಕೆ ಒಂದೇ ಏಟು: ಟೊಕ್. ಕಿವಿಗೊಟ್ಟು ಕಾಯುತ್ತಾರೆ. ಎದುರಿನ ಒಂಟಿ ಬಂಡೆಯ ಬೆಟ್ಟ ಅದನ್ನೇ ಹಿಂದಿರುಗಿಸುತ್ತದೆ: ಟೊಕ್. ಅಲ್ಲಿಗೆ ಮುಗಿಯಬೇಕು. ಆದರೆ ಒಂದು ಉಸಿರು ಕಳೆದ ಮೇಲೆ, ಕಾಲಡಿಯಿಂದಲೇ, ಇನ್ನೊಂದು ಸದ್ದು ಬರುತ್ತದೆ.

ಚಿಕ್ಕಕ್ಕ ಬಾಯಿ ಬಿಡುವುದಿಲ್ಲ. ಪಿಚ್ಚಿನ ಮೇಲೆ ಅವರು ಮಾತಾಡುವವರೇ ಅಲ್ಲ. ಹಗ್ಗ ದಾಟಿ, ಚಪ್ಪಲಿ ಮೆಟ್ಟಿಕೊಂಡ ಮೇಲೆಯೇ ಹೇಳುತ್ತಾರೆ: "ಒಂದು ನಂದು, ಒಂದು ಬೆಟ್ಟದ್ದು. ಮೂರನೇದು ಯಾರ್ದು, ನೀವೇ ಯೋಳಿ."

ಬರುವ ಭಾನುವಾರ ಇಲ್ಲಿ ದುರ್ಗ ಮಹಿಳಾ ಕ್ರಿಕೆಟ್ ಲೀಗಿನ ಮೊದಲ ಪಂದ್ಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ಫ್ರಾಂಚೈಸಿ ತಂಡಗಳು. ಹರಾಜು ಮುಗಿದಿದೆ, ಬಣ್ಣಬಣ್ಣದ ಜೆರ್ಸಿಗಳು ಬಂದಿವೆ, ಬಸ್ ಸ್ಟ್ಯಾಂಡಿನ ಎದುರು ಆಟಗಾರ್ತಿಯರ ಆಳೆತ್ತರದ ಫ್ಲೆಕ್ಸ್ ನಿಂತಿದೆ. ಇಷ್ಟೆಲ್ಲ ಯಾವ ಇಪ್ಪತ್ತೆರಡು ಗಜದ ಮೇಲೆ ನಡೆಯಬೇಕೋ ಅದನ್ನು ಮಾಡಿದ ಹೆಂಗಸಿನ ಹೆಸರು ಮಾತ್ರ ಕಾಗದದಲ್ಲಿ ‘ಸ್ವಚ್ಛತಾ ಸಹಾಯಕಿ’ ಎಂಬ ಸಾಲಿನಲ್ಲಿದೆ. ಇದಕ್ಕೆ ಕೋಪ ಬರಬೇಕಾದದ್ದು ಅವರಿಗೆ. ಅವರಿಗೆ ಬರುವುದಿಲ್ಲ, ನೋಡಿದವರಿಗೆ ಬರುತ್ತದೆ.

ಐವತ್ತೆರಡು ವರ್ಷದ ಚಿಕ್ಕಕ್ಕ ಚನ್ನರಾಯನದುರ್ಗದ ಕೋಟೆಯ ಕೆಳಗಿನ ಊರಿನವರು. ಅಪ್ಪ ಪಾಲಪ್ಪ ರಾಗಿ ಕಣ ಮಾಡುವುದರಲ್ಲಿ ಎತ್ತಿದ ಕೈ. ನೆಲ ಕೆತ್ತಿ, ನೀರುಣಿಸಿ, ಕಲ್ಲಿನ ಗುಂಡು ಉರುಳಿಸಿ, ಸಗಣಿ ಸಾರಿಸಿ, ಒಂದು ಕಾಳೂ ಮಣ್ಣಿಗೆ ಕಚ್ಚದ ಹಾಗೆ ಗಟ್ಟಿ ಮಾಡುವ ಕೆಲಸ. ಈಗ ರಾಗಿಯನ್ನು ಟಾರು ರಸ್ತೆಗೆ ಹರಡುತ್ತಾರೆ, ಕಣ ಯಾರಿಗೂ ಬೇಡ. ಹನ್ನೊಂದು ವರ್ಷದ ಹಿಂದೆ ಮೈದಾನದ ಕಸ ಗುಡಿಸಲು ಬಂದ ಚಿಕ್ಕಕ್ಕ, ಬಿರುಕುಬಿಟ್ಟ ಪಿಚ್ಚು ನೋಡಿ ಅಂದಿದ್ದು ಒಂದೇ ಮಾತು: "ಇದೂ ಕಣಾನೇ ಅಲ್ವಾ?"

ಅಂದಿನಿಂದ ದಿನಕ್ಕೆ ಹದಿನಾರು ಕೊಡ ನೀರು, ನಲವತ್ತು ಸುತ್ತು ರೋಲರು. ಲೀಗಿಗಾಗಿ ಈ ಸಲ ಕಳ್ಳಂಬೆಳ್ಳದ ಕೆರೆಯಿಂದ ಏಳು ಟ್ರ್ಯಾಕ್ಟರ್ ಗೋಡುಮಣ್ಣು ತರಿಸಿ, ಜರಡಿ ಹಿಡಿದು, ಪಿಚ್ಚನ್ನು ಬುಡದಿಂದ ಹೊಸದಾಗಿ ಕಟ್ಟಿದ್ದಾರೆ. ಎಲ್ಲ ಸರಿಯಿತ್ತು, ಆ ಮೂರನೆಯ ಸದ್ದೊಂದು ಬಿಟ್ಟು.

ಬುಧವಾರ ಪಿಚ್ ಪರೀಕ್ಷಿಸಲು ತುಮಕೂರಿನಿಂದ ನವೀನ್ ಕುಮಾರ್ ಬರುತ್ತಾರೆ. ಚೆಂಡು ಬೀಳಿಸುತ್ತಾ ಬೀಳಿಸುತ್ತಾ ಬಂದು, ಬೌಲರುಗಳು ಹೆಚ್ಚಾಗಿ ಗುರಿಯಿಡುವ ಜಾಗದಲ್ಲೇ ನಿಲ್ಲುತ್ತಾರೆ. ಚೆಂಡು ಅಲ್ಲಿ ಏಳುವುದಿಲ್ಲ. "ಇಲ್ಲಿ ಟೊಳ್ಳಿದೆ. ಶುಕ್ರವಾರದೊಳಗೆ ಸರಿಹೋಗದಿದ್ರೆ ಮೊದಲ ಪಂದ್ಯ ಶಿರಾಕ್ಕೆ ಹೋಗುತ್ತೆ" ಎನ್ನುತ್ತಾರೆ. ಲೀಗಿನ ಕಾರ್ಯದರ್ಶಿ ನರಸಿಂಹರಾಜು ಅವರ ಮುಖ ಕಪ್ಪಿಡುತ್ತದೆ. "ಏನಮ್ಮ ಚಿಕ್ಕಕ್ಕ, ಏನು ಹಾಕಿದ್ದೀಯ ಇದರೊಳಗೆ?"

ಚಿಕ್ಕಕ್ಕ ಮಾತಿಲ್ಲದೆ ಹಗ್ಗದಾಚೆ ನಡೆಯುತ್ತಾರೆ. ಇಬ್ಬರೂ ಹಿಂದೆ ಹೋಗಬೇಕಾಗುತ್ತದೆ.

"ಕುಡಿಕೆ ಮಡಗಿದ್ದೀನಿ ಸ್ವಾಮಿ."

ಅವರ ಸೀಮೆಯ ಪದ್ಧತಿ ಅದು. ಹೊಸ ಕಣದ ನಡುವೆ, ಒಕ್ಕುವ ಎತ್ತುಗಳು ಸುತ್ತುವ ಮೇಟಿಕಂಬ ನೆಡುವಾಗ, ಅದರ ಬುಡದಲ್ಲಿ ಹಿಡಿ ರಾಗಿ ತುಂಬಿದ ಮಣ್ಣಿನ ಕುಡಿಕೆ ಹೂಳುತ್ತಾರೆ. ಬಾಯಿಗೆ ಮುಚ್ಚಳವಿಟ್ಟು ಸಗಣಿ ಮೆತ್ತುತ್ತಾರೆ. ಕಣದಲ್ಲಿದ್ದಷ್ಟು ಹೊತ್ತು ಮಾತು ನಿಷಿದ್ಧ. ಆದರೆ ಪಿಚ್ಚಿಗೆ ಮೇಟಿಯಿಲ್ಲ. ಹನ್ನೊಂದು ವರ್ಷ ಮಾಡದ ಈ ತಪ್ಪನ್ನು ಈಗ ಯಾಕೆ ಮಾಡಿದರು?

"ನಮ್ಮಕ್ಕ ವನಜಾಗೋಸ್ಕರ," ಎನ್ನುತ್ತಾರೆ.

ರಾಗಿ ಒಕ್ಕಣೆ ಮುಗಿದ ಮೇಲೆ ಅಕ್ಕತಂಗಿಯರಿಗೆ ಆ ಕಣವೇ ಮೈದಾನ, ಮೇಟಿಯೇ ವಿಕೆಟ್ಟು, ಒನಕೆಯ ತುಂಡೇ ಬ್ಯಾಟು. ವನಜಾಗೆ ಹದಿಮೂರು, ಇವರಿಗೆ ಹತ್ತು. "ನಾನು ಬೀಸಿ ಹೊಡ್ದೆ. ಚೆಂಡು ಹುಲ್ಲಿನ ಮೆದೆ ಒಳಿಕ್ಕೆ ಹೋಯ್ತು. ‘ಇದು ತಂದ್ಮೇಲೆ ನನ್ ಬ್ಯಾಟಿಂಗು ಕಣೇ’ ಅಂತ ಅಕ್ಕ ಕೈ ಹಾಕುದ್ಲು. ಹಾವಿತ್ತು. ಅವಳ ಬ್ಯಾಟಿಂಗು ಅಂಗೇ ಬಾಕಿ ಉಳ್ಕೊಂಬುಡ್ತು. ಆ ಹೊಡ್ತ ನಂದು, ಕಣಪ್ಪ." ಅಕ್ಕ ಹೋದ ಮೇಲೆ ಚಿಕ್ಕಕ್ಕ ಬ್ಯಾಟು ಹಿಡಿದದ್ದು ನೆಲ ತಟ್ಟಲು ಮಾತ್ರ. ಹೆಣ್ಣುಮಕ್ಕಳ ಲೀಗು ಎಂದು ಕೇಳಿದಾಗ ಕೈ ತಡೆಯದೆ, ಅಕ್ಕನ ಹೆಸರಲ್ಲಿ ಕುಡಿಕೆ ಹೂತರು.

ನವೀನ್ ಕುಮಾರ್ ಟೋಪಿ ತೆಗೆಯುತ್ತಾರೆ. ನರಸಿಂಹರಾಜು ಅಗೆಯಲು ಆಳು ಕರೆಯಲು ಹೋದರೆ ಚಿಕ್ಕಕ್ಕ ಒಪ್ಪುವುದಿಲ್ಲ. ಇಟ್ಟವರೇ ತೆಗೆಯಬೇಕು. ಗೇಣು ಆಳದಲ್ಲಿ ಕುಡಿಕೆ ಒಡೆಯದೆ ಸಿಗುತ್ತದೆ. ಮುಚ್ಚಳ ತೆಗೆದರೆ ಒಳಗೆ ರಾಗಿ ಮೊಳೆತಿದೆ. ಬೆಳಕೇ ಕಾಣದ ಬಿಳಿ ಎಳೆಗಳು ಒಂದರ ಮೇಲೊಂದು ಬಾಗಿ, ಮುಚ್ಚಳವನ್ನು ತಲೆಯಿಂದ ಒತ್ತುತ್ತಿವೆ. ಚಿಕ್ಕಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ, ಬೇಲಿಯ ಬುಡದಲ್ಲಿ ಬಿಸಿಲು ಬೀಳುವ ಕಡೆ ಇಡುತ್ತಾರೆ.

ಗುಂಡಿ ತುಂಬಿ, ಪದರಪದರವಾಗಿ ತಟ್ಟಿ, ಎರಡು ದಿನ ರೋಲರು ಎಳೆಯುತ್ತಾರೆ. ಶುಕ್ರವಾರ ಚೆಂಡು ಆ ಜಾಗದಲ್ಲಿ ಮೊಣಕಾಲೆತ್ತರ ಪುಟಿಯುತ್ತದೆ. ಪಂದ್ಯ ಮಧುಗಿರಿಯಲ್ಲೇ ಎಂದು ಸಹಿಯಾಗುತ್ತದೆ. ಶನಿವಾರ ಬೆಳಿಗ್ಗೆ ಅವರದೊಂದು ಏಟು, ಬೆಟ್ಟದ್ದೊಂದು ಉತ್ತರ, ಅಷ್ಟೇ. ಅವತ್ತು ಚಿಕ್ಕಕ್ಕನಿಗೆ ಊಟ ಸೇರುವುದಿಲ್ಲ.

ಭಾನುವಾರ ನಸುಕಿಗೆ ಮತ್ತೆ ಬರುತ್ತಾರೆ. ಟೊಕ್. ಬೆಟ್ಟದಿಂದ ಟೊಕ್. ಇನ್ನೇನು ಏಳಬೇಕು, ಆಗ ಮೂರನೆಯದು. ಈ ಸಲ ಕಾಲಡಿಯಿಂದಲ್ಲ. ಪಿಚ್ಚಿನ ಆ ತುದಿಯಿಂದ, ಬ್ಯಾಟುಗಾರ್ತಿ ನಿಂತು ನೆಲ ತಟ್ಟುವ ಗೆರೆಯಿಂದ. ಅಲ್ಲಿ ಯಾರೂ ಇಲ್ಲ.

ಹತ್ತು ಗಂಟೆಗೆ ಮೈದಾನ ತುಂಬಿದೆ. ಪಾವಗಡದ ಸ್ಪಂದನಾ ಓಡಿಬಂದು ಲೀಗಿನ ಮೊದಲ ಚೆಂಡು ಎಸೆಯುತ್ತಾಳೆ. ಕುಡಿಕೆ ಇದ್ದ ಜಾಗದಲ್ಲೇ ಬಿದ್ದ ಚೆಂಡು ಎದ್ದು ಹೋಗುತ್ತದೆ. ಮಧುಗಿರಿಯ ಹುಡುಗಿ ಬ್ಯಾಟು ಎತ್ತಿ ಅದನ್ನು ಹಾಗೇ ಬಿಡುತ್ತಾಳೆ. ಆದರೂ ಟೊಕ್ ಎಂದು ಬ್ಯಾಟಿನ ಸದ್ದು ಕೇಳಿಸುತ್ತದೆ. ಸ್ಪಂದನಾ ಔಟೆಂದು ಕೂಗಿ ಕೈಯೆತ್ತುತ್ತಾಳೆ. ಅಂಪೈರು ಇಲ್ಲವೆಂದು ತಲೆಯಾಡಿಸಿ, ಬೆಟ್ಟದ ಕಡೆ ಒಮ್ಮೆ ನೋಡುತ್ತಾರೆ. ವಿಕೆಟ್ ಕೀಪರು ಮಾತ್ರ ಕೈಗೆ ಬಂದ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ.

ಹಗ್ಗದಾಚೆ, ಬೇಲಿಯ ಬಳಿ, ಕುಡಿಕೆಯ ಪಕ್ಕ ಚಿಕ್ಕಕ್ಕ ಕೂತಿದ್ದಾರೆ. ಬಿಳಿ ಮೊಳಕೆಗಳಿಗೆ ಹಸಿರು ಹತ್ತಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಲೇ ಹೇಳುತ್ತಾರೆ:

"ನಮ್ಮಕ್ಕನ್ನ ಹರಾಜಲ್ಲಿ ಯಾರೂ ತಗೊಳ್ಳಲಿಲ್ಲ. ಆದ್ರೆ ಮೊದಲ್ನೇ ಚೆಂಡು ಅವಳೇ ಆಡಿದ್ದು."