ರೇವತಿ ಹೆಸರಿನ ಫೋಲ್ಡರು

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ಮೀಟಿಂಗಿನಲ್ಲಿ ಬಾಯಿ ಬಿಡಬಾರದು ಎಂಬುದು ಐವತ್ತು ದಾಟಿದವನಿಗೆ ಗೊತ್ತಿರಬೇಕು. ನನಗೂ ಗೊತ್ತಿತ್ತು. ಆದರೂ ಬಿಟ್ಟೆ.

ದೊಮ್ಮಲೂರಿನ ಆ ಕಂಪನಿಯಲ್ಲಿ ನನ್ನದು ಕೈಪಿಡಿ ಬರೆಯುವ ಕೆಲಸ. ಬುದ್ಧಿವಂತರು ಮಾಡಿದ್ದನ್ನು ನನ್ನಂಥವರಿಗೂ ತಿಳಿಯುವ ಹಾಗೆ ಬರೆಯಬೇಕು. ಅದಕ್ಕೆ ಬೇಕಾದ ಮುಖ್ಯ ಅರ್ಹತೆಯಾದ ಅಜ್ಞಾನ ನನ್ನಲ್ಲಿ ಧಾರಾಳವಾಗಿತ್ತು. ಆ ಮೀಟಿಂಗಿನಲ್ಲಿ ಗೋಡೆಯ ಪರದೆಯ ಮೇಲೆ ಸರ್ವರುಗಳ ದೋಷಗಳನ್ನು ತೋರಿಸುತ್ತಿದ್ದರು. ಫೋಲ್ಡರುಗಳಿಗೆಲ್ಲ ಮೇಲ್, ಬಿಲ್ಲಿಂಗ್ ಎಂಬಂಥ ಹೆಸರು. ಒಂದಕ್ಕೆ ಮಾತ್ರ ರೇವತಿ. ಗೋಜಲೆಲ್ಲ ಅದರಲ್ಲೇ.

"ಈ ರೇವತಿಯವ್ರು ಸ್ವಲ್ಪ ಕೆಲಸದ ಕಡೆ ಗಮನ ಕೊಡ್ಬೇಕು ಅನ್ಸುತ್ತೆ. ಇವತ್ತೂ ಬಂದ ಹಾಗಿಲ್ಲ," ಎಂದೆ.

ನನ್ನ ಜೋಕಿಗೆ ಯಾರೂ ನಗದಿರುವುದು ನನಗೆ ಹೊಸದಲ್ಲ. ಎಲ್ಲರೂ ಒಟ್ಟಿಗೆ ತಲೆ ತಗ್ಗಿಸಿ ಮೇಜು ನೋಡಿದ್ದು ಹೊಸದು.

ಹೊರಗೆ ಬಂದ ಮೇಲೆ ತಂಡದ ಮುಖ್ಯಸ್ಥೆ ಮೆಹ್ವಿಶ್ ನನ್ನನ್ನು ಕಾಫಿ ಯಂತ್ರದ ಮರೆಗೆ ಕರೆದರು. ಶಿವಾಜಿನಗರದವರು, ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. "ಸರ್, ಅದು ನಮ್ಮ ಈರೇಶನ ಹೆಂಡ್ತಿ ಹೆಸರು. ತೀರ್ಕೊಂಡು ಎರಡು ವರ್ಷ ಆಯ್ತು. ನಿಮ್ಮ ಎದುರುಗಡೆ ಕೂತಿದ್ನಲ್ಲ, ಅವನೇ ಈರೇಶ."

ಕ್ಷಮೆ ಕೇಳಲು ಹೋದೆ. ಈರೇಶ ಕುರ್ಚಿ ಎಳೆದು ಕೊಟ್ಟ. "ಇರ್ಲಿ ಬಿಡ್ರೀ ಸರ. ಆಕಿ ಇದ್ದಿದ್ರ ನಕ್ಕಿರೋಳು. ಆಕಿಗೆ ಎಂಥಾ ಜೋಕಿಗೂ ನಗೋ ಚಟ ಇತ್ತು."

ಇದು ಸಮಾಧಾನವೋ ವಿಮರ್ಶೆಯೋ ನನಗೆ ಇಂದಿಗೂ ತಿಳಿದಿಲ್ಲ.

ಅವನು ಬರೆದ, ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮಿಗೆ ಕೈಪಿಡಿ ಬರೆಯುವ ಕೆಲಸ ನನಗೇ ಬಿತ್ತು. ಪಕ್ಕದಲ್ಲಿ ಕೂತು ಕಲಿತದ್ದು ಇಷ್ಟು. ಪ್ರತಿಯೊಂದು ಸರ್ವರೂ ತಾನು ಏನು ಮಾಡಿದೆ, ಎಲ್ಲಿ ಎಡವಿದೆ ಎಂದು ಸದಾ ವರದಿ ಕಳಿಸುತ್ತಿರುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಈರೇಶನ ಸ್ಕ್ರಿಪ್ಟು ಅವನ್ನೆಲ್ಲ ಒಂದು ಕಡೆ ಸೇರಿಸಿ ಬೇರೆಬೇರೆ ಫೋಲ್ಡರಿಗೆ ಹಾಕುತ್ತದೆ. ಅದರೊಳಗೆ ವೇರಿಯೇಬಲ್ ಎಂಬ ಡಬ್ಬಿ ಇದೆ. ವರದಿ ಬಂದ ಕೂಡಲೇ ಕಳಿಸಿದವರ ಹೆಸರು ಡಬ್ಬಿಗೆ ಬೀಳುತ್ತದೆ. ಡಬ್ಬಿಯಲ್ಲಿ ಯಾವ ಹೆಸರೋ ಆ ಹೆಸರಿನ ಫೋಲ್ಡರಿಗೆ ವರದಿ ಹೋಗುತ್ತದೆ. ಕೆಲವು ಹಳೆಯ ಯಂತ್ರಗಳು ಮಾತ್ರ ಹೆಸರು ಹೇಳದೆ ಗೋಳು ಹೇಳಿಕೊಳ್ಳುತ್ತವೆ. ಆಗ ಡಬ್ಬಿ ಖಾಲಿ. ಅಂಥವಕ್ಕೆಂದು ಮೊದಲೇ ಒಂದು ಹೆಸರು ತುಂಬಿಟ್ಟಿರಬೇಕು. ಲೋಕದವರೆಲ್ಲ ಅಲ್ಲಿ 'ಅನ್‌ನೋನ್' ಎಂದು ಬರೆಯುತ್ತಾರೆ. ಈರೇಶ ರೇವತಿ ಎಂದು ಬರೆದಿದ್ದ.

ಅದಕ್ಕೆ ಕಾರಣವಿತ್ತು. ಲಿಂಗಸುಗೂರು ಕಡೆಯಿಂದ ಬಂದ ಗಂಡ ಹೆಂಡತಿ ಹಲಸೂರಿನ ಮಾರ್ಕೆಟ್ಟಿನ ಹಿಂದೆ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ಬಾಗಿಲುಗಳಿಗೆ ನಂಬರಿಲ್ಲ. ಕೊರಿಯರಿನವರು ಬಂದು ಗೇಟಿನಲ್ಲಿ ಕೂಗಿದರೆ ಮನೆ ಮಾಲಕಿ ಅಂಜಿನಮ್ಮ ಒಳಗಿನಿಂದಲೇ, "ಯಾರ್ದು ಅಂತ ಗೊತ್ತಾಗ್ಲಿಲ್ವಾ? ರೇವತಿ ಹತ್ರ ಕೊಟ್ಟೋಗಿ," ಎನ್ನುತ್ತಿದ್ದರು. ಬೀಗದ ಕೈ, ವಿಳಾಸ ತಪ್ಪಿದ ಬಿರಿಯಾನಿ, ಯಾರದೋ ಬೆಕ್ಕಿನ ಮರಿ, ಎಲ್ಲ ರೇವತಿಯ ಕೈಗೆ. ಸಂಜೆಯೊಳಗೆ ಮನೆ ಮನೆ ವಿಚಾರಿಸಿ ವಾರಸುದಾರರನ್ನು ಹುಡುಕಿ ಮುಟ್ಟಿಸುತ್ತಿದ್ದಳು. ಆಫೀಸಿನಲ್ಲೂ ನಿನ್ನನ್ನು ಅದೇ ಕೆಲಸಕ್ಕೆ ಹಾಕಿದ್ದೇನೆ ಎಂದು ಈರೇಶ ಹೇಳಿದಾಗ, "ನಾ ಏನ್ ಅನಾಥಾಶ್ರಮ ತಗದೀನೇನು?" ಎಂದು ನಕ್ಕಿದ್ದಳಂತೆ.

ಹೊಟ್ಟೆನೋವು ಎಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ಮರಳಲಿಲ್ಲ.

ಹೆಸರು ಸ್ಕ್ರಿಪ್ಟಿನಲ್ಲಿ ಉಳಿಯಿತು. ಈರೇಶ ಬೆಳಿಗ್ಗೆ ಬಂದವನೇ ರೇವತಿ ಫೋಲ್ಡರು ತೆಗೆದು, ಅಲ್ಲಿ ಬಿದ್ದ ಒಂದೊಂದು ವರದಿಯೂ ಯಾರದೆಂದು ಪತ್ತೆಮಾಡಿ ಸೇರಬೇಕಾದಲ್ಲಿಗೆ ಸೇರಿಸುತ್ತಿದ್ದ. ಅವಳ ಹೆಸರಿನಲ್ಲಿ ದಿನವೂ ಏನಾದರೂ ಬರುತ್ತಿದ್ದ ಜಾಗ ಪ್ರಪಂಚದಲ್ಲಿ ಅದೊಂದೇ ಉಳಿದಿತ್ತು. ಆ ಹಳೆಯ ಯಂತ್ರಗಳಿಗೂ ತಮ್ಮ ಹೆಸರು ಹೇಳಲು ಕಲಿಸುವುದು ಕಷ್ಟವಲ್ಲ ಎಂದು ನನ್ನಂಥವನಿಗೂ ಹೊಳೆದಿತ್ತು. ತಂಡದಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

ಎತ್ತಿದವರು ಹೊರಗಿನವರು. ದೊಡ್ಡ ಗಿರಾಕಿಯೊಬ್ಬರ ಕಡೆಯಿಂದ ತಪಾಸಣೆಗೆ ಬಂದವರು, ಸ್ಕ್ರಿಪ್ಟಿನಲ್ಲಿ ವ್ಯಕ್ತಿಯ ಹೆಸರು ಇರಕೂಡದು, ವಾರದೊಳಗೆ ತೆಗೆಯಿರಿ ಎಂದು ಬರೆದು ಹೋದರು. ಅವರದೇನೂ ತಪ್ಪಿಲ್ಲ.

ಮೆಹ್ವಿಶ್ ಈರೇಶನ ಮೇಜಿನ ಹತ್ತಿರ ಬಂದು ನಿಂತರು. "ನೋಡು, ಬೇರೆ ಯಾರ ಕೈಲಾದ್ರೂ ಮಾಡಿಸ್ತೀನಿ. ನೀನು ರಜಾ ಹಾಕು."

"ನಾನ ಮಾಡ್ತೀನ್ರೀ ಮೇಡಂ."

"ಪೂರ್ತಿ ತೆಗೀಬೇಡ. ಮೇಲ್ಗಡೆ ಕಮೆಂಟಲ್ಲಿ ಇರ್ಲಿ. ಅದನ್ನ ಯಂತ್ರ ಓದಲ್ಲ, ನಾವಷ್ಟೇ ಓದೋದು. ಅವರನ್ನ ನಾನು ಒಪ್ಪಿಸ್ತೀನಿ."

ಈರೇಶ ಪರದೆಯತ್ತ ತಿರುಗಿದ. "ಯಂತ್ರ ಓದದ ಸಾಲಿನಾಗ ಆಕಿಗೆ ಏನ್ ಕೆಲಸ ಐತ್ರೀ?"

ಮೆಹ್ವಿಶ್ ತಮ್ಮ ಜಾಗಕ್ಕೆ ಹೋಗಿ ಕೂತರು. ಅನ್‌ನೋನ್ ಬದಲು 'ಅನಾಮಿಕ' ಎಂದು ಹಾಕಿದರೆ ಹೇಗೆ ಎಂದು ನಾನೊಂದು ಸಾಹಿತ್ಯಿಕ ಸಲಹೆ ಕೊಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಒಳ್ಳೆಯದೇ ಆಯಿತು.

ಸ್ಕ್ರಿಪ್ಟಿನ ತುಂಬ ಆ ವೇರಿಯೇಬಲ್ ಬಳಕೆಯಾಗಿತ್ತು. ಆದರೆ ಹೆಸರು ಬರೆದಿದ್ದದ್ದು ಒಂದೇ ಕಡೆ. ಅಲ್ಲಿ ಅಳಿಸಿದರೆ ಎಲ್ಲ ಕಡೆಯೂ ಹೋದಂತೆ. ಕೈಪಿಡಿಯಲ್ಲಿ ನಾನು ಇದನ್ನು ದೊಡ್ಡ ಅನುಕೂಲವೆಂದು ಬರೆದಿದ್ದೆ. ಈರೇಶ ಒಂದೊಂದೇ ಅಕ್ಷರ ಅಳಿಸಿದ. ಆ ಜಾಗ ಖಾಲಿ ಬಿಟ್ಟೇ ಸೇವ್ ಮಾಡಿ, ಮತ್ತೆ ಚಾಲೂ ಮಾಡಿ ಕೈ ಕಟ್ಟಿ ಕೂತ.

ಪರದೆ ಕೆಂಪಾಯಿತು. ಹೆಸರಿಲ್ಲದ ವರದಿಗಳು ಎಲ್ಲಿಗೂ ಹೋಗಲಾರದೆ ತಿರಸ್ಕೃತವಾಗಿ ಒಂದರ ಮೇಲೊಂದು ಬೀಳತೊಡಗಿದವು. ಆ ಜಾಗ ಖಾಲಿ ಇರಬಾರದೆಂದು ನನಗೆ ಪಾಠ ಹೇಳಿದವನೇ ಅವನು.

"ಈರೇಶ," ಮೆಹ್ವಿಶ್ ಕೂತಲ್ಲಿಂದಲೇ ಮೆಲ್ಲಗೆ ಅಂದರು. "ಅಲ್ಲಿ ಏನಾದ್ರೂ ಒಂದು ಹಾಕ್ಲೇಬೇಕಪ್ಪಾ."

"ಹೌದಲ್ರೀ," ಎಂದ. ಅನ್‌ನೋನ್ ಎಂದು ಬರೆದ. ಕೆಂಪು ಹೋಯಿತು. ಹೊಸ ಫೋಲ್ಡರೊಂದು ಹುಟ್ಟಿ, ಕಣ್ಣೆದುರಿಗೇ ತುಂಬಿಕೊಳ್ಳತೊಡಗಿತು. ಅದರ ಮೇಲುಗಡೆ ರೇವತಿ ಫೋಲ್ಡರು ಸುಮ್ಮನೆ ಇತ್ತು.

ಏನಾದರೂ ಮಾತಾಡಬೇಕಲ್ಲ ಎಂದು ನಾನು ಕೇಳಿದೆ, "ಆ ಹಳೇದನ್ನ ಏನ್ ಮಾಡ್ತೀರಿ ಈರೇಶ್?"

"ಏನೂ ಮಾಡಂಗಿಲ್ರೀ ಸರ," ಎಂದ, ಕಣ್ಣು ಪರದೆಯಿಂದ ತೆಗೆಯದೆ. "ಹೊಸಾದು ಬರಲಿಲ್ಲಂದ್ರ ಮೂರ್ ತಿಂಗಳಿಗೆ ಅದ ತಾನ ಅಳಿಸಿ ಹೋಗತೈತಿ. ಹಂಗ ಬರದೀನಿ."